ಲೇಬಲ್ಲಿನಲ್ಲಿ ಕಾಣದ ಕೊಪ್ಪಳ

ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ನೋಡಿ ಬಂದವರನ್ನು ಕೇಳಿದರೆ ಸಾಮಾನ್ಯವಾಗಿ ಮೂರು ವಸ್ತುಗಳ ಹೆಸರು ಹೇಳುತ್ತಾರೆ. ಗಂಟೆಗೊಮ್ಮೆ ಪುಟ್ಟ ಬೊಂಬೆ ಹೊರಬಂದು ಜಾಗಟೆ ಬಾರಿಸುವ ಗಡಿಯಾರ, ತೆಳುಮುಸುಕಿನ ಒಳಗಿನಿಂದ ಮುಖ ಕಾಣುವಂತೆ ಅಮೃತಶಿಲೆಯಲ್ಲಿ ಕಡೆದ ರೆಬೆಕ್ಕಾ, ಮುಂದಿನಿಂದ ಮೆಫಿಸ್ಟೊಫಿಲಿಸ್ ಆಗಿಯೂ ಹಿಂದಿನ ಕನ್ನಡಿಯಲ್ಲಿ ಮಾರ್ಗರೆಟಾ ಆಗಿಯೂ ಕಾಣುವ ಒಂದೇ ಮರದ ಕೆತ್ತನೆ. ಮೂರೂ ಯುರೋಪಿನ ಕೈಕೆಲಸದವು. ಮೂರರ ಮುಂದೆಯೂ ಜನ ನಿಂತು ಬೆರಗಾಗುತ್ತಾರೆ. ಇವನ್ನೆಲ್ಲ ಕೊಂಡ ದುಡ್ಡು ಎಲ್ಲಿಂದ ಬಂತು ಎಂದು ಮಾತ್ರ ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಸಿಗುವ ಉತ್ತರಗಳಲ್ಲಿ ಒಂದು ಕನ್ನಡನಾಡಿನದು: ಕೊಪ್ಪಳ.

ಸಾಲಾರ್ ಜಂಗ್ ಮನೆತನದ ಮೂರು ತಲೆಮಾರಿನವರು ನಿಜಾಮರ ದಿವಾನರಾಗಿದ್ದರು. ಮೊದಲನೆಯ ಸಾಲಾರ್ ಜಂಗ್ ಮೀರ್ ತುರಾಬ್ ಅಲಿ ಖಾನ್ 1853ರಿಂದ 1883ರವರೆಗೆ, ಮೂವತ್ತು ವರ್ಷ ರಾಜ್ಯಾಡಳಿತ ನಡೆಸಿದರು. ಮೊಮ್ಮಗ ಮೀರ್ ಯೂಸುಫ್ ಅಲಿ ಖಾನ್, ಮೂರನೆಯ ಸಾಲಾರ್ ಜಂಗ್, 1912ರಲ್ಲಿ ದಿವಾನರಾಗಿ 1914ರಲ್ಲಿ ಹುದ್ದೆ ಬಿಟ್ಟರು. ಮದುವೆಯಾಗದ ಅವರು ಉಳಿದ ಬದುಕನ್ನೆಲ್ಲ ಕಲಾವಸ್ತುಗಳ ಸಂಗ್ರಹಕ್ಕೆ ಕೊಟ್ಟರು. ಈ ಮನೆತನದ ಆದಾಯಕ್ಕೆ ಬುನಾದಿ ಜಹಗೀರು. ಹೈದರಾಬಾದ್ ಸಂಸ್ಥಾನದ ಹಲವು ಕಡೆ ಹರಡಿದ್ದ ಆ ಜಹಗೀರಿನಲ್ಲಿ ಅಂದಿನ ರಾಯಚೂರು ಜಿಲ್ಲೆಯ ಕೊಪ್ಪಳವೂ ಸೇರಿತ್ತು. ಎರೆಭೂಮಿಯಲ್ಲಿ ಜೋಳ, ಹತ್ತಿ ಬೆಳೆದ ರೈತರು ಕಟ್ಟಿದ ಕಂದಾಯ ಹೈದರಾಬಾದಿನ ದಿವಾನ್ ದೇವಡಿಗೆ ಹೋಗುತ್ತಿತ್ತು. ಆ ದೇವಡಿಯ ಕೋಣೆಗಳಲ್ಲೇ ಫ್ರಾನ್ಸಿನ ಪಿಂಗಾಣಿ, ಇಂಗ್ಲೆಂಡಿನ ಗಡಿಯಾರ, ಚೀನಾದ ಹೂದಾನಿಗಳು ಒಂದೊಂದಾಗಿ ಬಂದು ಸೇರಿದವು.

1949ರ ಮಾರ್ಚ್‌ನಲ್ಲಿ ಮೂರನೆಯ ಸಾಲಾರ್ ಜಂಗ್ ತೀರಿಕೊಂಡರು. ಅದೇ ವರ್ಷದ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಜಹಗೀರು ಪದ್ಧತಿಯೇ ರದ್ದಾಯಿತು. ಸಂಗ್ರಹಿಸಿದವರೂ ಸಂಗ್ರಹಕ್ಕೆ ಹಣ ಒದಗಿಸಿದ ವ್ಯವಸ್ಥೆಯೂ ಆರು ತಿಂಗಳ ಅಂತರದಲ್ಲಿ ಇಲ್ಲವಾದವು; ವಸ್ತುಗಳು ಉಳಿದವು. 1951ರ ಡಿಸೆಂಬರ್ 16ರಂದು ನೆಹರೂ ದಿವಾನ್ ದೇವಡಿಯಲ್ಲೇ ಅದನ್ನು ಸಾರ್ವಜನಿಕ ಮ್ಯೂಸಿಯಂ ಎಂದು ತೆರೆದರು. 1961ರಲ್ಲಿ ಸಂಸತ್ತಿನ ಕಾಯ್ದೆಯೊಂದು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಸಾರಿತು. 1968ರಲ್ಲಿ ಸಂಗ್ರಹ ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಬಂತು. ಅಲ್ಲಿಂದೀಚೆಗೆ ಅದು ಸಾರ್ವಜನಿಕರ ಸೊತ್ತು, ಅಂದರೆ ಕೊಪ್ಪಳದವರದೂ ಹೌದು. ಇಲ್ಲಿನ ವಸ್ತುಗಳ ಕಥೆಯನ್ನು ಹೇಗೆ ಹೇಳಬೇಕು, ಅದಕ್ಕೆ ಯಾರು ಹಣ ಕೊಡಬೇಕು ಎಂಬ ಪ್ರಶ್ನೆ ಹೈದರಾಬಾದಿಗಷ್ಟೇ ಸೇರಿದ್ದಲ್ಲ ಎನ್ನುವುದು ಇದರಿಂದಲೇ.

ಈ ಪ್ರಶ್ನೆಗೆ ಹೊರದೇಶಗಳಲ್ಲಿ ಈಗ ಒಂದು ಹೆಸರಿದೆ. ಶಾಶ್ವತ ಸಂಗ್ರಹದ ಮರುವ್ಯಾಖ್ಯಾನ ಎಂದು ಅದನ್ನು ಕನ್ನಡದಲ್ಲಿ ಹೇಳಬಹುದು. ಹೊಸ ವಸ್ತು ಕೊಳ್ಳುವುದು ಬೇಡ, ಹೊಸ ಕಟ್ಟಡ ಬೇಡ. ಈಗಾಗಲೇ ಇರುವುದನ್ನು ಹೊಸದಾಗಿ ಓದಿ, ಹೊಸ ಸಾಲಿನಲ್ಲಿ ಜೋಡಿಸಿ, ಹೊಸ ಮಾತಿನಲ್ಲಿ ವಿವರಿಸುವುದು. ಅಮೆರಿಕದಲ್ಲಿ ಷಿಕಾಗೋದ ಟೆರ್ರಾ ಫೌಂಡೇಷನ್ನಿನಂಥ ಸಂಸ್ಥೆಗಳು ಇದಕ್ಕೆಂದೇ ಮ್ಯೂಸಿಯಂಗಳಿಗೆ ಅನುದಾನ ಕೊಟ್ಟಿವೆ. ಭಾರತದಲ್ಲಿ ಇದಕ್ಕೆ ಹತ್ತಿರದ್ದೆಂದರೆ ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ನಡೆಸುವ ಕಾರ್ಯಕ್ರಮ. ಪತ್ರಾಗಾರ ಮತ್ತು ಮ್ಯೂಸಿಯಂಗಳ ಜತೆ ಸೇರಿ ಕಲಾವಿದರು, ಸಂಶೋಧಕರು ಅಲ್ಲಿನ ಸಂಗ್ರಹದ ಮೇಲೆ ಕೆಲಸ ಮಾಡಲು ಅದು ನೆರವು ಕೊಡುತ್ತದೆ. ಕೆಲಸ ಒಳ್ಳೆಯದು. ಆದರೆ ಒಂದು ಖಾಸಗಿ ಸಂಸ್ಥೆಯ ಕೈಯಲ್ಲಿ ಆಗುವಷ್ಟು ಸಣ್ಣ ಕೆಲಸವಲ್ಲ ಇದು.

ಸರ್ಕಾರದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು. ಕೇಂದ್ರ ಸಂಸ್ಕೃತಿ ಸಚಿವಾಲಯದ ಮ್ಯೂಸಿಯಂ ಅನುದಾನ ಯೋಜನೆಯಲ್ಲಿ ಹೊಸ ಮ್ಯೂಸಿಯಂ ಕಟ್ಟಲು, ಇರುವುದನ್ನು ಅಭಿವೃದ್ಧಿಪಡಿಸಲು, ವಸ್ತುಗಳನ್ನು ಡಿಜಿಟೀಕರಿಸಲು, ಸಿಬ್ಬಂದಿಗೆ ತರಬೇತಿ ಕೊಡಲು ಅವಕಾಶವಿದೆ. ಸಾಲಾರ್ ಜಂಗ್ ಮ್ಯೂಸಿಯಂ ಸಚಿವಾಲಯದಿಂದ ನೇರವಾಗಿ ಹಣ ಪಡೆಯುವ ಸ್ವಾಯತ್ತ ಸಂಸ್ಥೆ; ತೆಲಂಗಾಣದ ರಾಜ್ಯಪಾಲರು ಅದರ ಮಂಡಳಿಯ ಅಧ್ಯಕ್ಷರು. ಎರಡೂ ದಾರಿಗಳಲ್ಲಿ ಹಣವನ್ನು ಸುಲಭವಾಗಿ ಲೆಕ್ಕ ತೋರಿಸಬಹುದಾದ ಬಾಬ್ತುಗಳಿವೆ: ಗೋಡೆ, ದೀಪ, ಗಾಜಿನ ಪೆಟ್ಟಿಗೆ, ಕ್ಯಾಮೆರಾ. ಇಷ್ಟು ಚದರ ಅಡಿ, ಇಷ್ಟು ಸಾವಿರ ಫೋಟೊ ಎಂದು ವರದಿಯಲ್ಲಿ ಬರೆಯಬಹುದು. ಒಬ್ಬ ಸಂಶೋಧಕಿ ಎರಡು ವರ್ಷ ಕೂತು ಹಳೆಯ ಕಡತ ಓದಿ, ಒಂದು ವಸ್ತುವಿನ ಬಗ್ಗೆ ಮೂರು ಸಾಲು ಬದಲಿಸಿದರೆ ಅದನ್ನು ಯಾವ ಕಾಲಂನಲ್ಲಿ ತುಂಬುವುದು? ಮರುವ್ಯಾಖ್ಯಾನ ಎಂದರೆ ಆ ಮೂರು ಸಾಲು. ಅದಕ್ಕೆ ಬೇಕಾದ ಮುಖ್ಯ ಸಾಮಗ್ರಿ ಜನ, ಸಮಯ ಮತ್ತು ಭಾಷೆ.

ಡಿಜಿಟೀಕರಣವನ್ನೇ ತೆಗೆದುಕೊಳ್ಳಿ. ಸಚಿವಾಲಯದ ಅಡಿಯ ಮ್ಯೂಸಿಯಂಗಳು ಪುಣೆಯ ಸಿ-ಡ್ಯಾಕ್ ರೂಪಿಸಿದ ‘ಜತನ್’ ತಂತ್ರಾಂಶದ ಮೂಲಕ ತಮ್ಮ ಸಂಗ್ರಹಗಳನ್ನು ಅಂತರ್ಜಾಲಕ್ಕೆ ಏರಿಸಿವೆ. ಸಾಲಾರ್ ಜಂಗ್ ಕೂಡ ಅದರಲ್ಲಿದೆ. ಇದರಿಂದ ಧಾರವಾಡದಲ್ಲಿ ಕೂತವರೂ ಹೈದರಾಬಾದಿನ ವಸ್ತುವನ್ನು ನೋಡಬಹುದು, ಇದು ಸಣ್ಣ ಲಾಭವಲ್ಲ. ಆದರೆ ಚಿತ್ರದ ಕೆಳಗೆ ಹೋಗುವ ಮಾಹಿತಿ ಹಳೆಯ ದಾಖಲಾತಿ ಪುಸ್ತಕದ್ದೇ ಆದರೆ, ಅದರ ಮೌನಗಳೂ ಜತೆಯಲ್ಲೇ ಹೋಗುತ್ತವೆ. ಮೊದಲು ಒಂದು ಕೋಣೆಯಲ್ಲಿದ್ದ ಅರೆಮಾಹಿತಿ ಈಗ ಜಗತ್ತಿನ ಎಲ್ಲೆಡೆ ಸಿಗುತ್ತದೆ.

ಮೌನ ಎಂದರೆ ಏನು ಎನ್ನುವುದಕ್ಕೆ ಲೇಬಲ್ಲುಗಳ ವ್ಯಾಕರಣವನ್ನು ಗಮನಿಸಿದರೆ ಸಾಕು. ಎಲ್ಲ ಮ್ಯೂಸಿಯಂಗಳಲ್ಲೂ ಲೇಬಲ್ ಬಹುಮಟ್ಟಿಗೆ ಕ್ರಿಯಾಪದವಿಲ್ಲದ ವಾಕ್ಯ: ಹುಕ್ಕಾ ಬುಡ, ಬಿದ್ರಿ, ಬೀದರ್, 18ನೇ ಶತಮಾನ. ಕ್ರಿಯಾಪದ ಬಂದರೂ ಅದು ಕರ್ಮಣಿಯಲ್ಲಿ ಬರುತ್ತದೆ: ಕೆತ್ತಲಾಗಿದೆ, ಸಂಗ್ರಹಿಸಲಾಯಿತು, ಕಾಣಿಕೆಯಾಗಿ ನೀಡಲಾಯಿತು. ಕನ್ನಡದ ಮಾತುಗಾರಿಕೆಗೆ ಕರ್ಮಣಿ ಅಷ್ಟಾಗಿ ಒಗ್ಗುವುದಿಲ್ಲ. ಮನೆಯಲ್ಲಿ ಯಾರೂ ‘ಅನ್ನ ಮಾಡಲಾಯಿತು’ ಎನ್ನುವುದಿಲ್ಲ, ಅವ್ವ ಮಾಡಿದಳು ಎನ್ನುತ್ತಾರೆ. ಕಚೇರಿಯ ಭಾಷೆಯಲ್ಲಿ ಕರ್ಮಣಿ ಬೇಕಾಗುವುದು ಕರ್ತೃವನ್ನು ಹೇಳದೆ ಉಳಿಸಲಿಕ್ಕೆ. ಲೇಬಲ್ಲಿನಲ್ಲಿ ಉಳಿದುಹೋಗುವ ಕರ್ತೃಗಳು ಮೂವರು: ಮಾಡಿದವರು, ದುಡ್ಡು ಕೊಟ್ಟವರು, ಕೈಯಿಂದ ಕೈಗೆ ದಾಟಿಸಿದವರು. ಮರುವ್ಯಾಖ್ಯಾನದ ಅನುದಾನ ಮೊದಲು ಕೊಳ್ಳಬೇಕಾದ್ದು ಈ ಮೂರು ಕರ್ತೃಪದಗಳನ್ನು.

ಮಾಡಿದವರಿಂದ ಶುರುಮಾಡಿ. ಸಾಲಾರ್ ಜಂಗ್‌ನಲ್ಲಿ ಬಿದ್ರಿ ವಸ್ತುಗಳ ಒಳ್ಳೆಯ ಸಂಗ್ರಹವಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೈಯನ್ನು ಅರದಿಂದ ನಯಮಾಡಿ, ಮೈಲುತುತ್ತ ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಆ ಕಪ್ಪಿನ ಮೇಲೆ ಕೈಯಲ್ಲೇ ಗೆರೆ ಎಳೆದು ಕೊರೆದು, ಕೊರೆದಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಜಾಗಗಳಿಂದ ತಂದ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಬಿಸಿಮಾಡಿ ಲೇಪಿಸಿದಾಗ ಲೋಹ ಕಡುಗಪ್ಪಾಗಿ ಬೆಳ್ಳಿ ಬೆಳಗುತ್ತದೆ. ಮಣ್ಣು ಸರಿಯಿದೆಯೋ ಇಲ್ಲವೋ ಎಂದು ಕುಶಲಕರ್ಮಿಗಳು ನಾಲಿಗೆಯ ಮೇಲಿಟ್ಟು ನೋಡುವುದೂ ಉಂಟು. ಇಷ್ಟು ಕೈಗಳ ಕೆಲಸ ‘ಬಿದ್ರಿ, ಬೀದರ್’ ಎಂಬ ಎರಡು ಪದಗಳಲ್ಲಿ ಮುಗಿಯುತ್ತದೆ. ಹಳೆಯ ವಸ್ತುಗಳ ಮೇಲೆ ಮಾಡಿದವರ ಸಹಿ ಇರುವುದು ವಿರಳ ಎನ್ನುವುದು ನಿಜ. ಆದರೆ ಅದೇ ಕಸುಬು ಇಂದಿಗೂ ಬದುಕಿದೆ. 2023ರಲ್ಲಿ ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಕಾದ್ರಿ ಅವರಿಗೆ ಪದ್ಮಶ್ರೀ ಬಂತು. ಒಂದು ಹುಕ್ಕಾ ಬುಡವನ್ನು ನೋಡಿ, ಇದರ ಕೊರೆತ ಯಾವ ಬಗೆಯದು, ಬೆಳ್ಳಿಯ ತಗಡು ಬಳಸಿದ್ದಾರೋ ತಂತಿಯೋ, ಇದು ಬೀದರಿನ ಕೈಯೋ ಲಖನೌದ್ದೋ ಎಂದು ಹೇಳಬಲ್ಲವರು ಹೈದರಾಬಾದಿನಿಂದ ಸುಮಾರು 140 ಕಿಲೋಮೀಟರ್ ದೂರದಲ್ಲಿದ್ದಾರೆ. ಬೀದರಿನ ಬಸ್ಸು ಬಂದು ನಿಲ್ಲುವ ಇಮ್ಲಿಬನ್ ನಿಲ್ದಾಣದಿಂದ ಮ್ಯೂಸಿಯಂ ನಡಿಗೆಯ ದೂರ. ಅವರನ್ನು ಕರೆಸಿ, ತಜ್ಞರಿಗೆ ಕೊಡುವ ಸಂಭಾವನೆ ಕೊಟ್ಟು, ಅವರ ಮಾತನ್ನು ಅವರ ಹೆಸರಿನಲ್ಲೇ ಲೇಬಲ್ಲಿಗೆ ತರುವುದು ದೊಡ್ಡ ಖರ್ಚೇನಲ್ಲ. ಅನುದಾನದ ಅರ್ಜಿಯಲ್ಲಿ ಅದಕ್ಕೊಂದು ಬಾಬ್ತು ಬೇಕು, ಅಷ್ಟೆ.

ಕೈಯಿಂದ ಕೈಗೆ ದಾಟಿದ ಬಗೆ ಇನ್ನೂ ನಾಜೂಕಿನದು. ಫ್ರಾನ್ಸಿನ ಹದಿನಾರನೆಯ ಲೂಯಿ ಟಿಪ್ಪು ಸುಲ್ತಾನನಿಗೆ ಕೊಟ್ಟದ್ದೆಂದು ಹೆಸರಾದ ದಂತದ ಕುರ್ಚಿಗಳು ಈ ಮ್ಯೂಸಿಯಂನಲ್ಲಿವೆ. 1788ರಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ಪ್ಯಾರಿಸ್ಸಿಗೆ ಹೋಗಿದ್ದುದು ಇತಿಹಾಸ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಬಂದಿರಬಹುದಾದ ಕುರ್ಚಿಗಳು ಮತ್ತೆ ಹೈದರಾಬಾದಿಗೆ ಹೇಗೆ ಬಂದವು ಎಂಬುದು ಕನ್ನಡದ ಯಾವ ನೋಡುಗನ ಮನಸ್ಸಿಗೂ ಬರಬೇಕಾದ ಪ್ರಶ್ನೆ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ್ದು ಇಂಗ್ಲಿಷರ ಸೈನ್ಯವೊಂದೇ ಅಲ್ಲ, ನಿಜಾಮರ ಸೈನ್ಯವೂ ಅದರ ಜತೆಗಿತ್ತು. ಆ ಸೈನ್ಯದ ಮುಂದಾಳು ಮೀರ್ ಆಲಂ, ಸಾಲಾರ್ ಜಂಗ್ ಮನೆತನದ ಪೂರ್ವಿಕ. ಇಷ್ಟರಿಂದ ಕುರ್ಚಿಗಳು ಲೂಟಿಯ ಮಾಲು ಎಂದು ತೀರ್ಮಾನಿಸಬೇಕಿಲ್ಲ. ನಡುವೆ ಹರಾಜು, ಮಾರಾಟ, ಉಡುಗೊರೆ ಏನು ಬೇಕಾದರೂ ಆಗಿರಬಹುದು. ಆದರೆ 1788 ಮತ್ತು 1799, ಎರಡೂ ಇಸವಿಗಳು ಒಂದೇ ಲೇಬಲ್ಲಿನಲ್ಲಿ ಇರಬೇಕು. ಮೊದಲನೆಯದನ್ನಷ್ಟೇ ಹೇಳಿದರೆ ಅದು ರಾಜರ ಸ್ನೇಹದ ಕಥೆ. ಎರಡನ್ನೂ ಹೇಳಿದರೆ ದಖ್ಖನಿನ ಕಥೆ.

ರೆಬೆಕ್ಕಾಳದ್ದೂ ಹೀಗೆಯೇ. ಇಟಲಿಯ ಶಿಲ್ಪಿ ಜೊವಾನ್ನಿ ಮಾರಿಯಾ ಬೆಂಜೋನಿ ಕಡೆದ ಅದನ್ನು ಮೊದಲನೆಯ ಸಾಲಾರ್ ಜಂಗ್ 1876ರಲ್ಲಿ ರೋಮಿನಲ್ಲಿ ಕೊಂಡರು. ಬೆಂಜೋನಿ ಇದೇ ವಿಗ್ರಹವನ್ನು ಹಲವು ಬಾರಿ ಮಾಡಿದ; ಅಟ್ಲಾಂಟಾ, ಡೆಟ್ರಾಯಿಟ್ ಮ್ಯೂಸಿಯಂಗಳಲ್ಲೂ ಒಂದೊಂದು ರೆಬೆಕ್ಕಾ ಇದ್ದಾಳೆ. ಅದು ಹತ್ತೊಂಬತ್ತನೆಯ ಶತಮಾನದ ಸಿರಿವಂತ ಪ್ರವಾಸಿಗರು ಮೆಚ್ಚಿ ಕೊಳ್ಳುತ್ತಿದ್ದ ಸರಕು. ಸಾಲಾರ್ ಜಂಗ್ ಆ ವರ್ಷ ಇಂಗ್ಲೆಂಡಿಗೂ ಹೋಗಿದ್ದರು. ಇಂಗ್ಲಿಷರು 1853ರಲ್ಲಿ ತಮ್ಮ ಆಡಳಿತಕ್ಕೆ ತೆಗೆದುಕೊಂಡಿದ್ದ ಬೇರಾರ್ ಪ್ರಾಂತ್ಯವನ್ನು ನಿಜಾಮರಿಗೆ ಮರಳಿಸಬೇಕೆಂಬುದು ಅವರ ಬಹುಕಾಲದ ಬೇಡಿಕೆ. ಬೇರಾರ್ ಸಿಗಲಿಲ್ಲ, ರೆಬೆಕ್ಕಾ ಬಂದಳು. ಇದನ್ನು ತಿಳಿದು ನೋಡಿದರೆ ಕಲ್ಲಿನ ಮುಸುಕಿನ ಬೆರಗು ಕಮ್ಮಿಯಾಗುವುದಿಲ್ಲ. ಆ ಕೋಣೆಯಲ್ಲಿ ಒಬ್ಬ ದಿವಾನ, ಒಂದು ಸಾಮ್ರಾಜ್ಯ, ಒಂದು ಮಾರುಕಟ್ಟೆ ಕೂಡ ಕಾಣತೊಡಗುತ್ತವೆ.

ಹೀಗೆ ಮಾಡಿದ ಮ್ಯೂಸಿಯಂಗಳು ಬೇರೆಡೆ ಇವೆ. 1992ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ, ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿಯ ಸಂಗ್ರಹವನ್ನು ಕಲಾವಿದ ಫ್ರೆಡ್ ವಿಲ್ಸನ್ ಮರುಜೋಡಿಸಿದರು. ‘ಲೋಹದ ಕೆಲಸ, 1793–1880’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಹೊಳೆಯುವ ಬೆಳ್ಳಿಯ ಹೂಜಿ, ಬಟ್ಟಲುಗಳ ನಡುವೆ ಗುಲಾಮರ ಕಾಲಿಗೆ ಹಾಕುತ್ತಿದ್ದ ಕಬ್ಬಿಣದ ಬೇಡಿಯನ್ನು ಇಟ್ಟರು. ಎಲ್ಲವೂ ಅದೇ ಸಂಗ್ರಹದ ವಸ್ತುಗಳೇ. ಆಮ್‌ಸ್ಟರ್ಡ್ಯಾಮಿನ ರೈಕ್ಸ್ ಮ್ಯೂಸಿಯಂ 2015ರಲ್ಲಿ ತನ್ನ ಕಲಾಕೃತಿಗಳ ಶೀರ್ಷಿಕೆ, ವಿವರಣೆಗಳಲ್ಲಿದ್ದ ವಸಾಹತುಕಾಲದ ಪದಗಳನ್ನು ಪರಿಶೀಲಿಸಿ ತಿದ್ದುವ ಕೆಲಸ ಕೈಗೆತ್ತಿಕೊಂಡಿತು. ಸೈಮನ್ ಮಾರಿಸ್‌ನ ಒಂದು ಚಿತ್ರ ಅದುವರೆಗೆ ಹುಡುಗಿಯ ಜನಾಂಗದ ಹೆಸರಿನಿಂದ ಗುರುತಾಗುತ್ತಿತ್ತು. ಅದು ‘ಬೀಸಣಿಗೆ ಹಿಡಿದ ತರುಣಿ’ ಆಯಿತು. ಎರಡು ಕಡೆಯೂ ಹೊಸ ವಸ್ತು ಬರಲಿಲ್ಲ. ಬದಲಾದದ್ದು ಜೋಡಣೆ ಮತ್ತು ಪದ.

ಇದಕ್ಕೆ ಆಕ್ಷೇಪಗಳೂ ಇವೆ, ಅವು ಹಗುರವಾದವಲ್ಲ. ಮೊದಲನೆಯದು, ಜನ ಮ್ಯೂಸಿಯಂಗೆ ಬರುವುದು ಸಂತೋಷಕ್ಕೆ. ಗಡಿಯಾರದ ಬೊಂಬೆ ನೋಡಲು ಬಂದ ಕುಟುಂಬಕ್ಕೆ ಜಹಗೀರಿನ ಪಾಠ ಯಾಕೆ ಎನ್ನುವುದು. ಪಾಠವಾಗಬೇಕಿಲ್ಲ. ಮೂರು ಸಾಲು ಓದಲು ಯಾರಿಗೂ ಬಲವಂತವಿಲ್ಲ, ಓದಬೇಕೆನ್ನುವವರಿಗೆ ಅವು ಅಲ್ಲಿರಬೇಕು. ಕೊಪ್ಪಳದಿಂದ ಬಂದ ಕುಟುಂಬಕ್ಕೆ ತಮ್ಮ ಊರಿನ ಹೆಸರು ಕಂಡರೆ ಸಂತೋಷ ಕೆಡುತ್ತದೆಂದು ಮೊದಲೇ ಊಹಿಸುವುದೂ ಸರಿಯಲ್ಲ.

ಎರಡನೆಯದು, ಸಂಗ್ರಹಿಸಿದವರಿಗೆ ಇದು ಕೃತಘ್ನತೆಯಾದೀತು ಎಂಬುದು. ಮೂರನೆಯ ಸಾಲಾರ್ ಜಂಗ್ ಕೊಳ್ಳದೇ ಹೋಗಿದ್ದರೆ ಈ ವಸ್ತುಗಳಲ್ಲಿ ಎಷ್ಟೋ ಭಾರತಕ್ಕೇ ಬರುತ್ತಿರಲಿಲ್ಲ, ಇಲ್ಲಿನವೂ ಹೊರಗೆ ಹೋಗುತ್ತಿದ್ದವು. ಈ ಋಣ ದೊಡ್ಡದು, ಲೇಬಲ್ ಅದನ್ನೂ ಹೇಳಲಿ. ಆದರೆ ಈಗಿನ ಜೋಡಣೆಯೂ ಅವರದಲ್ಲ. ಅವರು ತೀರಿಕೊಂಡ ಮೇಲೆ ಸಂಗ್ರಹವನ್ನು ಮ್ಯೂಸಿಯಂ ರೂಪಕ್ಕೆ ತಂದವರಲ್ಲಿ ಐರಿಷ್ ಕವಿ, ಕಲಾವಿಮರ್ಶಕ ಜೇಮ್ಸ್ ಕಸಿನ್ಸ್ ಮುಖ್ಯರು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ರೂಪುಗೊಳ್ಳುವುದರಲ್ಲೂ ಅವರ ಕೈಯಿತ್ತು. ಶಾಶ್ವತ ಎಂದು ಕಾಣುವ ಜೋಡಣೆ ಕೂಡ 1951ರಲ್ಲಿ ಕೆಲವರು ಮಾಡಿದ ಒಂದು ವ್ಯಾಖ್ಯಾನ. ಅದು 1968ರಲ್ಲಿ ಕಟ್ಟಡ ಬದಲಾದಾಗ ಬದಲಾಯಿತು, ಆಮೇಲೆ ಪೂರ್ವ ಮತ್ತು ಪಶ್ಚಿಮದ ಕಲೆಗೆ ಬೇರೆ ಬೇರೆ ಕಟ್ಟಡಗಳು ಬಂದಾಗ ಮತ್ತೆ ಬದಲಾಯಿತು.

ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಮರುವ್ಯಾಖ್ಯಾನಕ್ಕೆ ಸರ್ಕಾರದ ದುಡ್ಡು ಬಂದರೆ ಸರ್ಕಾರದ ವ್ಯಾಖ್ಯಾನವೂ ಬರುತ್ತದೆ. ಕರ್ನಾಟಕದಲ್ಲಿ 2015ರಲ್ಲಿ ಒಂದು ಸರ್ಕಾರ ಟಿಪ್ಪು ಜಯಂತಿ ಶುರುಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ನಿಲ್ಲಿಸಿತು. ಟಿಪ್ಪುವಿನ ಕುರ್ಚಿಯ ಲೇಬಲ್ ಹೀಗೆ ಚುನಾವಣೆಗೊಮ್ಮೆ ಬದಲಾದರೆ ಹಳೆಯ ಮೌನವೇ ವಾಸಿ ಎನ್ನಿಸಬಹುದು. ಖಾಸಗಿ ಅಥವಾ ವಿದೇಶಿ ಪ್ರತಿಷ್ಠಾನದ ದುಡ್ಡಾದರೆ ಅವರ ಕಾಲದ, ಅವರ ದೇಶದ ಪ್ರಶ್ನೆಗಳು ಇಲ್ಲಿನ ವಸ್ತುಗಳ ಮೇಲೆ ಬಂದು ಕೂರುತ್ತವೆ. ಬಾಲ್ಟಿಮೋರಿನ ಪ್ರಶ್ನೆ ಬಾಲ್ಟಿಮೋರಿಗೆ ಸರಿ. ಹೈದರಾಬಾದಿನ ಪ್ರಶ್ನೆ ಜಹಗೀರಿನದು, ಕಸುಬಿನದು, ಮೂರು ರಾಜ್ಯಗಳಿಗೆ ಹಂಚಿಹೋದ ಒಂದು ನಾಡಿನದು.

ಈ ಭಯಕ್ಕೆ ಉತ್ತರ ಅನುದಾನದ ಷರತ್ತುಗಳಲ್ಲಿದೆ. ಹೊಸ ಲೇಬಲ್ಲಿನ ಕೆಳಗೆ ಬರೆದವರ ಹೆಸರು ಮತ್ತು ಇಸವಿ ಇರಬೇಕು, ಪುಸ್ತಕಕ್ಕೆ ಇರುವಂತೆ. ಹಳೆಯ ಲೇಬಲ್ಲನ್ನು ಎಸೆಯದೆ ದಾಖಲೆಯಲ್ಲಿ ಉಳಿಸಿ, ಕೇಳಿದವರಿಗೆ ತೋರಿಸಬೇಕು. ದಾಖಲೆಯಿಂದ ತಿಳಿದದ್ದು, ಪರಂಪರೆಯಿಂದ ಹೇಳುತ್ತ ಬಂದದ್ದು, ಇನ್ನೂ ಗೊತ್ತಿಲ್ಲದ್ದು ಎಂಬ ಮೂರನ್ನು ವಾಕ್ಯದಲ್ಲೇ ಬೇರ್ಪಡಿಸಬೇಕು. ‘ಎನ್ನಲಾಗುತ್ತದೆ’ ಎಂಬ ಕರ್ಮಣಿಯ ಬದಲು ಯಾರು ಎನ್ನುತ್ತಾರೆ ಎಂದು ಬರೆಯಬೇಕು. ಅನುದಾನ ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿರಲಿ, ಒಕ್ಕಣೆ ತಿದ್ದುವ ಹಕ್ಕು ಬೇಡ. ಇಷ್ಟು ಷರತ್ತುಗಳಿದ್ದಲ್ಲಿ ರಾಜಕೀಯದ ಒತ್ತಡ ಪೂರ್ತಿ ಹೋಗುವುದಿಲ್ಲ, ಆದರೆ ಯಾರು ಏನನ್ನು ಯಾವಾಗ ಬದಲಿಸಿದರು ಎನ್ನುವುದು ಎಲ್ಲರಿಗೂ ಕಾಣುತ್ತದೆ. ಈಗಿನ ಅನಾಮಿಕ ಲೇಬಲ್ಲುಗಳಿಗೆ ಆ ರಕ್ಷಣೆಯೂ ಇಲ್ಲ.

ಇನ್ನು ಭಾಷೆ. ಸಾಲಾರ್ ಜಂಗ್ ಸಂಗ್ರಹದ ಕಥೆ ಫಾರಸಿ, ಉರ್ದು, ಇಂಗ್ಲಿಷ್ ಕಾಗದಗಳಲ್ಲಿ ಹರಡಿದೆ. ಹೈದರಾಬಾದ್ ಸಂಸ್ಥಾನದ ದಾಖಲೆಗಳು ನಗರದ ತಾರ್ನಾಕಾದ ರಾಜ್ಯ ಪತ್ರಾಗಾರದಲ್ಲಿವೆ. ಕೊಪ್ಪಳದ ಕಡೆಯ ನೆನಪು, ಗಾದೆ, ಜಹಗೀರಿನ ಕಾಲದ ಮಾತುಗಳು ಕನ್ನಡದಲ್ಲಿವೆ. ಬಿದ್ರಿಯ ಕಸುಬಿನ ಪದಗಳು ಬೀದರಿನ ದಖ್ಖನಿಯಲ್ಲಿವೆ. ಇವನ್ನು ಒಟ್ಟಿಗೆ ಓದಬಲ್ಲ ಒಬ್ಬರೇ ವ್ಯಕ್ತಿ ಸಿಗುವುದು ಕಷ್ಟ, ಮೂರು ನಾಲ್ಕು ಜನರ ತಂಡ ಬೇಕು. ಮ್ಯೂಸಿಯಂ ಅನುದಾನಗಳಲ್ಲಿ ಅನುವಾದ ಎಂದರೆ ಸಾಮಾನ್ಯವಾಗಿ ಕೊನೆಯ ವಾರದ ಕೆಲಸ: ಇಂಗ್ಲಿಷಿನಲ್ಲಿ ಸಿದ್ಧವಾದ ಲೇಬಲ್ಲನ್ನು ಇತರ ಭಾಷೆಗಳಿಗೆ ಇಳಿಸುವುದು. ಇಲ್ಲಿ ಅನುವಾದ ಮೊದಲ ವಾರವೇ ಶುರುವಾಗಬೇಕು, ಏಕೆಂದರೆ ಆಧಾರಗಳೇ ಬೇರೆ ಬೇರೆ ಭಾಷೆಗಳಲ್ಲಿವೆ. ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ 1956ರಲ್ಲಿ ಹೈದರಾಬಾದಿನಿಂದ ಬೇರೆಯಾದವು. ರಾಜ್ಯದ ಗಡಿ ಬದಲಾಯಿತು, ಕಾಗದಪತ್ರ ಮತ್ತು ಕಲಾವಸ್ತುಗಳು ಹೈದರಾಬಾದಿನಲ್ಲೇ ಉಳಿದವು. ಕರ್ನಾಟಕದ ಸಂಸ್ಕೃತಿ ಇಲಾಖೆಯೋ ಕಲ್ಯಾಣ ಕರ್ನಾಟಕದ ವಿಶ್ವವಿದ್ಯಾಲಯಗಳೋ ಈ ಕೆಲಸದಲ್ಲಿ ಪಾಲು ಹಾಕಿದರೆ ಅದು ನೆರೆರಾಜ್ಯಕ್ಕೆ ಮಾಡಿದ ಉಪಕಾರವಲ್ಲ, ತಮ್ಮ ಜಿಲ್ಲೆಗಳ ಇತಿಹಾಸಕ್ಕೆ ಮಾಡಿದ ಖರ್ಚು.

ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕಿಲ್ಲ. ನಲವತ್ತು ಸಾವಿರಕ್ಕೂ ಹೆಚ್ಚು ವಸ್ತುಗಳ ಸಂಗ್ರಹದಲ್ಲಿ ಒಂದು ಕೋಣೆ ಸಾಕು. ಬಿದ್ರಿಯದೇ ಆಗಲಿ. ಎರಡು ವರ್ಷದ ಸಂಬಳ: ಒಬ್ಬ ಸಂಶೋಧಕರಿಗೆ, ಫಾರಸಿ ಮತ್ತು ಉರ್ದು ಓದಬಲ್ಲ ಒಬ್ಬರಿಗೆ, ಕನ್ನಡ ಮತ್ತು ತೆಲುಗಿನ ಅನುವಾದಕರಿಗೆ, ಬೀದರಿನ ಕುಶಲಕರ್ಮಿಗಳಿಗೆ ದಿನದ ಲೆಕ್ಕದ ಸಂಭಾವನೆ. ಇದರ ಜತೆ ಸಂಗ್ರಹ ಕೊಂಡ ಹಣದ ಮೂಲವನ್ನು ಹುಡುಕುವ ಒಂದು ಸಣ್ಣ ಅಧ್ಯಯನ. ಇಂಥ ಯೋಜನೆಗೆ ಅರ್ಜಿ ಹಾಕಲು ಮ್ಯೂಸಿಯಂ ಅನುದಾನ ಯೋಜನೆಯಲ್ಲಿ ಐದನೆಯ ಬಾಬ್ತೊಂದನ್ನು ಸಚಿವಾಲಯ ಸೇರಿಸಬೇಕು. ಹೊಸ ಮ್ಯೂಸಿಯಂಗೆ ಕೊಡುವ ಪ್ರತಿ ನೂರು ರೂಪಾಯಿಗೆ ಹತ್ತು ರೂಪಾಯಿಯನ್ನು ಹಳೆಯ ಸಂಗ್ರಹಗಳನ್ನು ಓದಲು ಎತ್ತಿಟ್ಟರೂ ದೇಶದ ಎಷ್ಟೋ ಮ್ಯೂಸಿಯಂಗಳು ಕೆಲಸ ಶುರುಮಾಡಬಹುದು.

ಆ ಕೆಲಸ ಮುಗಿದಾಗ ಸಂಸ್ಥಾಪಕರ ಗ್ಯಾಲರಿಯಲ್ಲಿ, ಸಾಲಾರ್ ಜಂಗ್ ಮನೆತನದವರ ಭಾವಚಿತ್ರಗಳ ಪಕ್ಕದಲ್ಲಿ, ಕನ್ನಡವೂ ಸೇರಿ ನಾಲ್ಕೈದು ಭಾಷೆಗಳಲ್ಲಿ ಒಂದು ಲೇಬಲ್ ಇರಲಿ. ಈ ವಸ್ತುಗಳನ್ನು ಮೀರ್ ಯೂಸುಫ್ ಅಲಿ ಖಾನ್ ಮೂವತ್ತೈದು ವರ್ಷ ಹುಡುಕಿ ಕೊಂಡರು. ಕೊಂಡ ಹಣದಲ್ಲಿ ಜಹಗೀರಿನ ಹಳ್ಳಿಗಳ ರೈತರು ಕಟ್ಟಿದ ಕಂದಾಯವಿತ್ತು. ಆ ಹಳ್ಳಿಗಳು ಇಂಥವು, ಅವುಗಳಲ್ಲಿ ಕೊಪ್ಪಳ ಸೀಮೆಯವು ಇಷ್ಟು. ಅದರ ಕೆಳಗೆ ಬರೆದವರ ಹೆಸರು, ಇಸವಿ.